ಇಂಜಿನ್ ಲೈಟಿನ ಮಹಿಮೆ

ಮತ್ತಿಗಿರಿಯ ಯತಿರಾಜನಿಗೆ ತಿಳಿಯದ ವಿಷಯವೇ ಭೂಮಿಯ ಮೇಲಿರಲಿಲ್ಲ. ಇದು ಅವನ ಅಭಿಪ್ರಾಯ. ಅವನ ಹೆಂಡತಿ ಸರಳಾಳ ಅಭಿಪ್ರಾಯ ಬೇರೆ ಇತ್ತು. ಅದನ್ನು ಅವಳು ಅಡುಗೆಮನೆಯಲ್ಲಿ ಪಾತ್ರೆಗಳ ಮೂಲಕ ತಿಳಿಸುತ್ತಿದ್ದಳು.

ಕನಕಪುರದ ಕಡೆಯಿಂದ ಬಂದು, ಹೊಸೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ, ಸೂಳಗಿರಿ ಪಕ್ಕದ ಹಳ್ಳಿಯ ಹೆಣ್ಣನ್ನು ಮದುವೆಯಾಗಿ ನೆಲೆನಿಂತ ಯತಿರಾಜ ಕೊನೆಗೊಂದು ಕಾರನ್ನೂ ಕೊಂಡ. ಹಳೇ ಡೀಸೆಲ್ ಕಾರು. "ಇಂಜಿನ್ ಬಂಗಾರ ಸಾರ್" ಎಂದು ಮಾರಿದವನು ಕೈಮೇಲೆ ಕೈಯಿಟ್ಟು ಹೇಳಿದ್ದ. ಆ ಬಂಗಾರದ ಬಣ್ಣ ಕೆಲವೇ ದಿನಗಳಲ್ಲಿ ಸ್ಟೇರಿಂಗ್ ಹಿಂದಿನ ಮೀಟರುಗಳ ನಡುವೆ ಕಾಣಿಸಿಕೊಂಡಿತು. ಇಂಜಿನ್ನಿನ ಆಕಾರದ ಒಂದು ಪುಟ್ಟ ಹಳದಿ ದೀಪ ಹತ್ತಿತು, ಹತ್ತಿದ್ದು ಆರಲಿಲ್ಲ.

ಬಾಗಲೂರು ರಸ್ತೆಯಲ್ಲಿ ಶೆಡ್ ಇಟ್ಟುಕೊಂಡಿದ್ದ ಮೆಕ್ಯಾನಿಕ್ ಸುಬ್ರಮಣಿ ತನ್ನ ಸ್ಕ್ಯಾನರಿನ ವಯರನ್ನು ಸ್ಟೇರಿಂಗ್ ಕೆಳಗೆ ಚುಚ್ಚಿ, ಪರದೆಯ ಮೇಲೆ ಮೂಡಿದ ಅಂಕಿಗಳನ್ನು ಓದಿದ. "ಗಾಳಿ ಅಳೆಯೋ ಸೆನ್ಸರ್ ಕಂಪ್ಲೇಂಟ್ ಸಾರ್. ಕ್ಲೀನ್ ಮಾಡ್ತೀನಿ, ಪೋಯಿಡುಂ."

ಹೋಯಿತು. ಯತಿರಾಜ ಶಿಳ್ಳೆ ಹೊಡೆಯುತ್ತ ಮತ್ತಿಗಿರಿಗೆ ಬಂದ. ಅವನ ಬೀದಿಯ ತಿರುವಿನಲ್ಲಿ ಭಾನು ಎಂಬಾಕೆಯ ದಿನಸಿ ಅಂಗಡಿ. ಅಂಗಡಿಯ ಮುಂದೆ ರಸ್ತೆಗೆ ಅಡ್ಡಲಾಗಿ ಒಂದು ಹಂಪು. ಕಾರು ಹಂಪು ಹತ್ತಿ ಇಳಿಯಿತು. ಲೈಟು ಮತ್ತೆ ಹತ್ತಿತು.

ಎರಡನೇ ಸಲ ಸುಬ್ರಮಣಿ ಹೊಗೆಯನ್ನು ವಾಪಸ್ ಇಂಜಿನ್ನಿಗೆ ಕಳಿಸುವ ವಾಲ್ವನ್ನು ಬಿಚ್ಚಿ, ಒಳಗಿನ ಮಸಿಯನ್ನೆಲ್ಲ ಕೆರೆದು ತೆಗೆದ. ಲೈಟು ಆರಿತು, ಭಾನು ಅಂಗಡಿ ಮುಂದೆ ಹತ್ತಿತು. ಮೂರನೇ ಸಲ ಡೀಸೆಲ್ ಫಿಲ್ಟರ್ ಬದಲಾಯಿಸಿದ. ಈ ಸಲ ಭಾನು ಅಂಗಡಿಯ ಬಾಗಿಲಿಗೇ ಬಂದು ನಿಂತಿದ್ದಳು.

"ಹತ್ತಿತಾ ಅಣ್ಣಾ?"

"ಹತ್ತಿತು."

"ಒಂದು ನಿಂಬೆಹಣ್ಣು ಕಟ್ರಿ. ನಮ್ಮ ಹಂಪಿಗೆ ಕೆಟ್ಟ ಹೆಸರು ಬತ್ತಾ ಅದೆ."

ಯತಿರಾಜ ನಿಂಬೆಹಣ್ಣನ್ನು ನಂಬುವವನಲ್ಲ, ವಿಜ್ಞಾನವನ್ನು ನಂಬುವವನು. ಅವನು ಆಳವಾಗಿ ಯೋಚಿಸಿ ಒಂದು ಸಿದ್ಧಾಂತಕ್ಕೆ ಬಂದ. ಗಾಡಿ ಕರ್ನಾಟಕದ ನಂಬರಿನದು, ತಮಿಳುನಾಡಿನ ಡೀಸೆಲ್ ಅದಕ್ಕೆ ಒಗ್ಗುತ್ತಿಲ್ಲ. ಅಂದಿನಿಂದ ಗಡಿ ದಾಟಿ ಅತ್ತಿಬೆಲೆಗೆ ಹೋಗಿ ಡೀಸೆಲ್ ಹಾಕಿಸತೊಡಗಿದ. ಗಾಡಿ ತವರಿನ ಡೀಸೆಲ್ಲನ್ನು ಸಂತೋಷವಾಗಿ ಕುಡಿಯಿತು. ಲೈಟು ಮಾತ್ರ ಹಾಗೇ ಇತ್ತು. ಸರಳಾ ಒಂದು ದಿನ ತನ್ನ ಹಣೆಯ ಸ್ಟಿಕ್ಕರನ್ನು ಕಿತ್ತು ದೀಪದ ಮೇಲೆ ಅಂಟಿಸಿ, "ಈಗ ಕಾಣ್ಸಲ್ಲ, ನಡೀರಿ" ಎಂದಳು. ಬಿಸಿಲಿಗೆ ಅದೂ ಉದುರಿತು.

ಇಷ್ಟಕ್ಕೇ ಕತೆ ಮುಗಿದಿದ್ದರೆ ಅದು ಗಾಡಿಯ ಕತೆಯಾಗುತ್ತಿತ್ತು. ಮಾವ ಬಂದು ಮುಂದಿನ ಸೀಟಿನಲ್ಲಿ ಕೂತದ್ದರಿಂದ ಯತಿರಾಜನ ಕತೆಯಾಯಿತು.

ಮಾವ ಹನುಮಂತರಾಯಪ್ಪ ಎಲೆಕೋಸು, ಗುಲಾಬಿ ಬೆಳೆಯುವ ದೊಡ್ಡ ಕುಳ. ಊರಿನ ಪಂಪ್‌ಹೌಸ್ ಸಂಘಕ್ಕೆ ಅಧ್ಯಕ್ಷರು. ಯಾರ ಹೊಲಕ್ಕೆ ಯಾವತ್ತು ನೀರು ಎಂದು ತೀರ್ಮಾನಿಸುವವರು ಅವರೇ. ಆದ್ದರಿಂದ ಅವರು ಹೇಳಿದ ಮಾತು ಊರಿನಲ್ಲಿ ಸಾಮಾನ್ಯವಾಗಿ ಸತ್ಯವಾಗಿರುತ್ತಿತ್ತು. ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ನಟ್ಟು ಬೋಲ್ಟೆಲ್ಲ ಅವರಿಗೆ ಗೊತ್ತು. ಕಾರಿನ ವಿಷಯ ಗೊತ್ತಿರಲಿಲ್ಲ. ಅವರನ್ನು ಎಲ್ಲಿಗಾದರೂ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದವನು ಹಿರಿಯ ಅಳಿಯ ರಘುನಾಥ. ಹೊಸೂರಿನ ಬ್ಯಾಂಕಿನಲ್ಲಿ ಕೆಲಸ, ಹೊಸ ಕಾರು, ಇಸ್ತ್ರಿ ಮುರಿಯದ ಶರಟು. ಷಡ್ಡಕನ ಆ ಶರಟನ್ನು ಕಂಡಾಗಲೆಲ್ಲ ಯತಿರಾಜ ತನ್ನ ಶರಟಿನ ಸುಕ್ಕನ್ನು ಅಂಗೈಯಿಂದ ಉಜ್ಜಿಕೊಳ್ಳುತ್ತಿದ್ದ.

ತೊರಪಲ್ಲಿ ಅಗ್ರಹಾರದಲ್ಲಿ ಒಂದು ಮದುವೆ. ರಘುನಾಥನಿಗೆ ಬ್ಯಾಂಕಿನಲ್ಲಿ ಆಡಿಟ್. ಹಾಗಾಗಿ ಮಾವನನ್ನು ಕರೆದೊಯ್ಯುವ ಭಾಗ್ಯ ಮೊದಲ ಬಾರಿಗೆ ಯತಿರಾಜನ ಪಾಲಿಗೆ ಬಂತು. ಹನುಮಂತರಾಯಪ್ಪ ಪಂಚೆ ಸರಿಮಾಡಿಕೊಂಡು ಮುಂದೆ ಕೂತು, ಎಲ್ಲವನ್ನೂ ಕಣ್ಣಲ್ಲೇ ತೂಗಿ ನೋಡಿ, ನೇರ ಅಲ್ಲಿಗೇ ಬೆರಳಿಟ್ಟರು.

"ಇದೇನು ಅಳಿಯಂದ್ರೇ, ಈ ಹಳದಿ ಲೈಟು?"

ಕೆಟ್ಟ ಗಾಡಿಯಲ್ಲಿ ಮಾವನನ್ನು ಕೂರಿಸಿಕೊಂಡಿದ್ದೇನೆ ಎಂದು ಯಾವ ಅಳಿಯ ತಾನೇ ಹೇಳಿಯಾನು? ಯತಿರಾಜನ ನಾಲಗೆ ಅವನ ಅಪ್ಪಣೆಗೆ ಕಾಯಲಿಲ್ಲ.

"ಅದಾ ಮಾವ? ಇಂಜಿನ್ ಆರೋಗ್ಯವಾಗಿದೆ ಅಂತ ತೋರ್ಸೋ ಲೈಟು. ಒಳಗಡೆ ಎಲ್ಲಾ ಸರಿ ಇದ್ರೆ ಮಾತ್ರ ಹತ್ತುತ್ತೆ."

"ಓಹೋ." ಮಾವ ದೀಪವನ್ನು ಇನ್ನೊಮ್ಮೆ ಬಗ್ಗಿ ನೋಡಿದರು. "ರಘುನಾಥನ ಗಾಡೀಲಿ ನಾನು ಇದನ್ನ ನೋಡೇ ಇಲ್ವಲ್ಲ?"

ಬುದ್ಧಿವಂತನಾದವನು ಇಲ್ಲಿ ನಿಲ್ಲಿಸಬೇಕಿತ್ತು. ಯತಿರಾಜ ನಿಟ್ಟುಸಿರು ಬಿಟ್ಟು, ಬಹಳ ಮರುಕದ ದನಿಯಲ್ಲಿ ಹೇಳಿದ: "ಎಲ್ಲಾ ಗಾಡಿಗೂ ಆ ಯೋಗ ಇರಲ್ಲ ಮಾವ."

ತೊರಪಲ್ಲಿಯ ಮದುವೆ ಊಟದಲ್ಲಿ ಹನುಮಂತರಾಯಪ್ಪ ಎಡಗಡೆ ಕೂತವರಿಗೆ ಲೈಟಿನ ಗುಣವನ್ನು ವಿವರಿಸಿದರು. ಪಾಯಸ ಬರುವಷ್ಟರಲ್ಲಿ ಬಲಗಡೆಯವರಿಗೂ ವಿವರಿಸಿದರು. ವಾರ ಕಳೆಯುವುದರೊಳಗೆ ವಿಷಯ ಸೂಳಗಿರಿ ಸಂತೆಯವರೆಗೂ ಹೋಯಿತು. ಹಾಗಾದರೆ ಆ ಸೀಮೆಯಲ್ಲಿ ಕಾರು ಓಡಿಸುವವರಿಗೆ ನಿಜ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಆದರೆ ಅವರೆಲ್ಲರಿಗೂ ಹೊಲವಿತ್ತು, ಹೊಲಕ್ಕೆ ನೀರು ಬೇಕಿತ್ತು.

ಗಟ್ಟಿ ನಂಬಿಕೆ ಇಟ್ಟವನು ಪಕ್ಕದ ತೋಟದ ನಂಜಪ್ಪ. ಅವನು ಅದೇ ತಿಂಗಳು ಹೊಸ ಕಾರು ಕೊಳ್ಳಲು ಶೋರೂಮಿಗೆ ಹೋದ. ಸೀಟು ಒತ್ತಿ ನೋಡಿದ, ಡಿಕ್ಕಿ ತೆಗೆಸಿದ, ಕೊನೆಗೆ ಮುಖ್ಯ ಪ್ರಶ್ನೆ ಕೇಳಿದ.

"ಆರೋಗ್ಯದ ಲೈಟು ಎಲ್ಲಮ್ಮಾ?"

ಅಲ್ಲಿದ್ದ ಹುಡುಗಿಗೆ ಅರ್ಥವಾಗಲಿಲ್ಲ. ನಂಜಪ್ಪ ಚಿತ್ರ ಬರೆದು ತೋರಿಸಿದ. ಆಕೆ ನಕ್ಕಳು. "ಹೊಸ ಗಾಡೀಲಿ ಅದು ಹತ್ತಲ್ಲ ಸಾರ್."

"ಹಳೇ ಗಾಡಿಗಿರೋ ಆರೋಗ್ಯ ನಿಮ್ಮ ಹೊಸ ಗಾಡಿಗಿಲ್ವಾ?"

ಮ್ಯಾನೇಜರ್ ಓಡಿಬಂದರು. ಲೈಟು ಇದೆ ಎಂದು ತೋರಿಸಲು ಕೀಲಿ ತಿರುಗಿಸಿದರು. ಎಲ್ಲಾ ಕಾರಿನಲ್ಲೂ ಆಗುವಂತೆ ಹಳದಿ ದೀಪ ಒಂದು ಗಳಿಗೆ ಹತ್ತಿ, ಇಂಜಿನ್ ಶುರುವಾದೊಡನೆ ಆರಿತು. ನಂಜಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನೋಡಿದ್ರಾ! ಹುಟ್ಟುತ್ಲೇ ಜೀವ ಹೋಗ್ಬುಟ್ತು. ಇಂಥಾ ಗಾಡೀನ ನಮ್ಮ ತಲೆಗೆ ಕಟ್ತೀರಾ?"

ಅವನು ಕಾರು ಕೊಳ್ಳದೆ ಬಂದು, ನಡೆದದ್ದನ್ನು ಊರಿಗೆಲ್ಲ ಹೇಳಿದ. ಹನುಮಂತರಾಯಪ್ಪನವರ ಕೀರ್ತಿ ಇಮ್ಮಡಿಯಾಯಿತು.

ಈ ಸುದ್ದಿ ರಘುನಾಥನ ಕಿವಿಗೆ ಬಿದ್ದದ್ದೇ ಅವನು ಶರಟಿನ ಇಸ್ತ್ರಿಯನ್ನೂ ಲೆಕ್ಕಿಸದೆ ಮಾವನ ಮನೆಗೆ ಧಾವಿಸಿದ.

"ಮಾವ, ಅದು ಆರೋಗ್ಯದ ಲೈಟಲ್ಲ, ಕಾಯಿಲೆ ಲೈಟು! ಇಂಜಿನ್ ಕೆಟ್ರೆ ಅದು ಹತ್ತೋದು!"

ಮಾವ ಎಲೆಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿದರು. "ನಿಮ್ಮ ಗಾಡೀಲಿ ಹತ್ತಲ್ಲ ಅಲ್ವಾ?"

"ಇಲ್ಲ."

"ಅದಕ್ಕೇ ಹಿಂಗಂತೀರಿ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಇರ್ಬೇಕು ಅಳಿಯಂದ್ರೇ."

ಅತ್ತೆ ಭಾಗ್ಯಮ್ಮ ಮಜ್ಜಿಗೆ ತಂದುಕೊಟ್ಟು, "ಕುಡೀರಿ, ತಂಪಾಗುತ್ತೆ" ಎಂದು ಕನಿಕರದಿಂದ ಹೇಳಿದರು. ನಿಜ ಹೇಳಿದವನು ಮಜ್ಜಿಗೆ ಕುಡಿದು ಎದ್ದು ಹೋದ.

ಯತಿರಾಜನಿಗೆ ಸ್ವರ್ಗಕ್ಕೆ ಮೂರೇ ಗೇಣು. ಸರಳಾ ಮಾತ್ರ, "ನಮ್ಮಪ್ಪಂಗೆ ನಿಜ ಹೇಳ್ಬುಡ್ರಿ. ಬೇರೆಯವ್ರ ಬಾಯಿಂದ ಗೊತ್ತಾದ್ರೆ ಮರ್ಯಾದೆ ಇರಲ್ಲ" ಎಂದಳು. "ಲೈಟನ್ನೇ ರಿಪೇರಿ ಮಾಡಿಸ್ಬಿಟ್ರೆ ನಿಜಾನೂ ಇರಲ್ಲ, ಸುಳ್ಳೂ ಇರಲ್ಲ" ಎಂದ ಯತಿರಾಜ. ಅವನ ತರ್ಕದಲ್ಲಿ ಒಂದು ತೂತಿತ್ತು. ಅದು ಅವನಿಗೆ ಕಾಣಿಸಲಿಲ್ಲ.

ಸುಬ್ರಮಣಿಗೂ ಆ ಲೈಟಿನ ಮೇಲೆ ಹಗೆ ಬೆಳೆದಿತ್ತು. ಅವನು ಈ ಬಾರಿ ಸ್ಕ್ಯಾನರನ್ನು ಬದಿಗಿಟ್ಟು, ಇಂಜಿನ್ ಓಡುತ್ತಿರುವಾಗಲೇ ಒಂದೊಂದೇ ವಯರನ್ನು ಹಿಡಿದು ಅಲ್ಲಾಡಿಸತೊಡಗಿದ. ಇಂಜಿನ್ನಿನ ಹಿಂಬದಿಯಲ್ಲಿ ಒಂದು ವಯರು ಕಬ್ಬಿಣದ ಪಟ್ಟಿಗೆ ಉಜ್ಜಿ ಉಜ್ಜಿ ಮೈ ಸವೆದು, ಒಳಗಿನ ತಾಮ್ರ ಹಲ್ಲು ಕಿರಿಯುತ್ತಿತ್ತು. ಹಂಪು ಹತ್ತಿದಾಗ ಇಂಜಿನ್ ವಾಲಿ, ತಾಮ್ರ ಪಟ್ಟಿಗೆ ತಾಗಿ, ಲೈಟು ಹತ್ತುತ್ತಿತ್ತು. ಸುಬ್ರಮಣಿ ವಯರಿಗೆ ಟೇಪು ಸುತ್ತಿ, ಪಟ್ಟಿಯಿಂದ ದೂರಕ್ಕೆ ಕಟ್ಟಿದ. ಲೈಟು ಆರಿತು. ಭಾನು ಅಂಗಡಿಯ ಹಂಪಿನ ಮೇಲೆ ಯತಿರಾಜ ಮುಂದಕ್ಕೂ ಹಿಂದಕ್ಕೂ ಓಡಿಸಿ ನೋಡಿದ. ಹತ್ತಲಿಲ್ಲ. ಭಾನು ಕೈಮುಗಿದಳು.

ಆ ಭಾನುವಾರ ಅವನು ಗಾಡಿ ತೊಳೆಸಿ, ಹೆಂಡತಿಯನ್ನು ಕೂರಿಸಿಕೊಂಡು, ಎದೆಯುಬ್ಬಿಸಿ ಮಾವನ ಮನೆಯ ಮುಂದೆ ನಿಲ್ಲಿಸಿದ. ಮಾವ ನಂಜಪ್ಪನ ಜತೆ ಜಗಲಿಯಿಂದ ಇಳಿದು ಬಂದು, ಅಭ್ಯಾಸದಂತೆ ಕಿಟಕಿಯೊಳಗೆ ಬಗ್ಗಿ ನೋಡಿದರು. ಇಂಜಿನ್ ಓಡುತ್ತಲೇ ಇತ್ತು.

"ಅಳಿಯಂದ್ರೇ, ಲೈಟು?"

"ಹೋಯ್ತು ಮಾವ!" ಎಂದ ಯತಿರಾಜ ಖುಷಿಯಿಂದ. ಮಾವನ ಮುಖ ನೋಡಿದ ಮೇಲೆ ತರ್ಕದ ತೂತು ಅವನಿಗೆ ಬಾವಿಯಷ್ಟು ಅಗಲವಾಗಿ ಕಾಣಿಸಿತು.

"ಹೋಯ್ತಾ..." ಮಾವ ಬಾನೆಟ್ಟಿನ ಮೇಲೆ ಮೆಲ್ಲಗೆ ಅಂಗೈ ಇಟ್ಟರು. "ಬಿಸಿ ಅದೆ. ಇನ್ನೂ ಜೀವ ಅದೆ."

ಭಾಗ್ಯಮ್ಮ ಉಪ್ಪು ಮೆಣಸಿನಕಾಯಿ ತಂದು ಗಾಡಿಗೆ ದೃಷ್ಟಿ ತೆಗೆದರು. "ಊರಲ್ಲೆಲ್ಲಾ ಹೇಳ್ಬೇಡಿ ಅಂದೆ. ಯಾರ ಕಣ್ಣು ಬಿತ್ತೋ." ಅಕ್ಕಪಕ್ಕದವರು ಬಂದು ಸುತ್ತ ನಿಂತರು. ಒಬ್ಬಾಕೆ ಸರಳಾಳ ಕೈ ಹಿಡಿದು, "ಸಮಾಧಾನ ಮಾಡ್ಕೊಳವ್ವಾ" ಎಂದಳು. ಸರಳಾ ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಆಗ ಹನುಮಂತರಾಯಪ್ಪ ಗಂಟಲು ಸರಿಮಾಡಿಕೊಂಡರು. ಕೃಷ್ಣಗಿರಿಯಲ್ಲಿ ಸೋಮವಾರ ರೈತರ ಕುಂದುಕೊರತೆ ಸಭೆ. ಪಂಪ್‌ಹೌಸಿನ ಟ್ರಾನ್ಸ್‌ಫಾರ್ಮರು ಬಹಳ ದಿನದಿಂದ ಗೊರಗೊರ ಎನ್ನುತ್ತ ಕಿಡಿ ಕಾರುತ್ತಿತ್ತು. ಯಾವತ್ತು ಸುಟ್ಟು ಊರಿನ ಬೆಳೆಯೆಲ್ಲ ಒಣಗುವುದೋ ಎಂಬ ಭಯ. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಈ ಸಲ ಸಂಘದವರೆಲ್ಲ ಎರಡು ಗಾಡಿಯಲ್ಲಿ ಹೋಗಿ ಹಿರಿಯ ಅಧಿಕಾರಿಯ ಮುಂದೆಯೇ ಮಾತಾಡುವುದೆಂದು ತೀರ್ಮಾನವಾಗಿತ್ತು.

"ಇದು ಊರಿನ ಕೆಲಸ. ಆರೋಗ್ಯವಿಲ್ಲದ ಗಾಡೀಲಿ ನಾನು ಹೋಗಲ್ಲ. ಸೋಮವಾರ ಬೆಳಗ್ಗೆ ಇಬ್ಬರೂ ಅಳಿಯಂದ್ರು ಗಾಡಿ ತನ್ನಿ. ಯಾರ ಗಾಡೀಲಿ ಲೈಟು ಹತ್ತುತ್ತೋ, ಅದ್ರಲ್ಲಿ ನಾನು ಮುಂದೆ ಕೂರ್ತೀನಿ."

ಹೊಸೂರಿನಲ್ಲಿದ್ದ ರಘುನಾಥನಿಗೂ ಫೋನಿನಲ್ಲಿ ಇದೇ ಆಜ್ಞೆ ಹೋಯಿತು. ಮಾರನೇ ಬೆಳಗ್ಗೆಯೇ ಆ ಸೋಮವಾರ. ಯತಿರಾಜ ಸೀದಾ ಬಾಗಲೂರು ರಸ್ತೆಗೆ ಗಾಡಿ ತಿರುಗಿಸಿದ.

"ಸುಬ್ರಮಣಿ, ಆ ಲೈಟು ಮತ್ತೆ ಹತ್ತಬೇಕು."

ಸುಬ್ರಮಣಿ ಕೈಯಲ್ಲಿದ್ದ ಸ್ಪಾನರನ್ನು ಕೆಳಗಿಟ್ಟ. "ಎನ್ನ ಸಾರ್ ಇದು? ಎಲ್ರೂ ಕಾಯಿಲೆ ತಂದು ಆರೋಗ್ಯ ಕೇಳ್ತಾರೆ. ನೀವು ಆರೋಗ್ಯ ತಂದು ಕಾಯಿಲೆ ಕೇಳ್ತೀರಲ್ಲ."

"ಕಾರಣ ಕೇಳ್ಬೇಡ. ಮನೆ ವಿಷಯ."

"ಇವರೂ ಅದೇ ಹೇಳ್ತಾವ್ರೆ" ಎಂದು ಸುಬ್ರಮಣಿ ಹಿಂದಕ್ಕೆ ಬೆರಳು ತೋರಿಸಿದ. ಶೆಡ್ಡಿನ ಒಳಗೆ ಪಳಪಳ ಹೊಳೆಯುವ ಹೊಸ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರ ಪಕ್ಕದಲ್ಲಿ ಇಸ್ತ್ರಿ ಶರಟಿನ ತೋಳು ಮಡಚಿಕೊಂಡು ರಘುನಾಥ ನಿಂತಿದ್ದ.

ಷಡ್ಡಕರಿಬ್ಬರೂ ಒಬ್ಬರನ್ನೊಬ್ಬರು ನೋಡಿದರು. ರಘುನಾಥ ಮೊದಲು ಕೆಮ್ಮಿದ.

"ಸರ್ವೀಸಿಗೆ ಬಂದಿದ್ದೆ."

"ನಾನೂ ಅಷ್ಟೇ ಅಣ್ಣಾ."

"ಭಾನುವಾರ ರಶ್ ಇರಲ್ಲ."

"ಅದಕ್ಕೇ ನಾನೂ ಬಂದೆ."

ಸುಬ್ರಮಣಿ ಇಬ್ಬರ ಗಾಡಿಯಲ್ಲೂ ಗಾಳಿ ಅಳೆಯುವ ಸೆನ್ಸರಿನ ಪ್ಲಗ್ಗನ್ನು ಕಿತ್ತು ಪಕ್ಕಕ್ಕೆ ಸಿಕ್ಕಿಸಿದ. ಎರಡೂ ಗಾಡಿಯಲ್ಲಿ ಹಳದಿ ದೀಪಗಳು ಅಕ್ಕತಂಗಿಯರಂತೆ ಬೆಳಗಿದವು. ಯತಿರಾಜನ ಬಾನೆಟ್ ಮುಚ್ಚುವ ಮುಂಚೆ ಅವನು ಒಳಗೆ ಬಗ್ಗಿ ನೋಡಿ, "ಸಾರ್, ರೇಡಿಯೇಟರ್ ನೀರು ಕಮ್ಮಿ ಆಗ್ತಾ ಇದೆ. ವಾಟರ್ ಪಂಪ್ ಲೀಕ್ ಇರಬೇಕು. ನಾಳೆ ಗಾಡಿ ತೆಗೀಬೇಡಿ" ಎಂದ.

"ಅದೆಲ್ಲಾ ಆಮೇಲೆ. ಲೈಟು ಹತ್ತಿತಲ್ಲಾ, ಸಾಕು."

ಸೋಮವಾರ ಬೆಳಗ್ಗೆ ಮಾವ ಎರಡೂ ಗಾಡಿಯೊಳಗೆ ಇಣುಕಿ ನೋಡಿದರು. ಎರಡರಲ್ಲೂ ಲೈಟು! ರಘುನಾಥನ ಭುಜ ತಟ್ಟಿದರು. "ನೋಡಿದ್ರಾ? ಹೊಟ್ಟೆಕಿಚ್ಚು ಬಿಟ್ಟ ತಕ್ಷಣ ಬಂತು." ಆದರೂ ಮೊದಲು ಕಂಡ ಲೈಟಿನ ಮೇಲೆ ಪ್ರೀತಿ ಹೆಚ್ಚು. ಅವರು ಯತಿರಾಜನ ಪಕ್ಕದಲ್ಲಿ ಕೂತರು. ಹಿಂದೆ ನಂಜಪ್ಪ ಮತ್ತು ಸಂಘದ ಇನ್ನಿಬ್ಬರು. ಉಳಿದವರು ರಘುನಾಥನ ಗಾಡಿಯಲ್ಲಿ ಹಿಂಬಾಲಿಸಿದರು.

ಹೆದ್ದಾರಿ ಕಾದ ಹೆಂಚಿನಂತಿತ್ತು. ಎಸಿ ಪೂರ್ತಿ ಹಾಕಿಕೊಂಡು, ಲಾರಿಗಳನ್ನು ದಾಟುತ್ತ ಗಾಡಿ ಕೃಷ್ಣಗಿರಿಯ ಕಡೆ ಓಡಿತು. ಮಾವ ಟ್ರಾನ್ಸ್‌ಫಾರ್ಮರಿನ ಅರ್ಜಿಯನ್ನು ಮಡಿಲಲ್ಲಿಟ್ಟುಕೊಂಡು, ಮಗ್ಗುಲ ಮಗುವನ್ನು ನೋಡುವಂತೆ ಹಳದಿ ದೀಪವನ್ನು ನೋಡುತ್ತಿದ್ದರು. ಕುರುಬರಪಲ್ಲಿ ದಾಟಿದ ಮೇಲೆ ಅವರು ಸೀಟಿನಲ್ಲಿ ನೆಟ್ಟಗಾದರು.

"ಅಳಿಯಂದ್ರೇ! ಕೆಂಪು!"

ಹಳದಿಯ ಪಕ್ಕದಲ್ಲಿ ಇಂಜಿನ್ ಬಿಸಿಯ ಕೆಂಪು ದೀಪ ಹತ್ತಿತ್ತು.

"ನಂಜಪ್ಪಾ, ನೋಡ್ಲಾ ಇಲ್ಲಿ, ಇನ್ನೊಂದು ಬಂತು!"

ನಂಜಪ್ಪ ಹಿಂದಿನಿಂದ ಕತ್ತು ಚಾಚಿದ. "ಕೆಂಪು ಅಂದ್ರೇನಣ್ಣಾ?"

ಹನುಮಂತರಾಯಪ್ಪ ಕ್ಷಣವೂ ತಡಮಾಡಲಿಲ್ಲ. "ಹಳದಿ ಅಂದ್ರೆ ಆರೋಗ್ಯ. ಕೆಂಪು ಅಂದ್ರೆ ಯೌವ್ವನ ಕಣ್ಲಾ."

ಯತಿರಾಜ ಸದ್ದಿಲ್ಲದೆ ಎಸಿ ಆರಿಸಿದ. "ಮಾವ, ಗಾಡಿಗೆ ಸ್ವಲ್ಪ ವಿಶ್ರಾಂತಿ ಕೊಡೋಣ. ಎಳನೀರು ಕುಡ್ಕೊಂಡು..."

"ಯೌವ್ವನದಾಗೆ ಯಾರಾದ್ರೂ ವಿಶ್ರಾಂತಿ ತಗಂತಾರಾ? ಒತ್ತಿ ಅಳಿಯಂದ್ರೇ, ಒತ್ತಿ!"

ನಿಲ್ಲಿಸಿದರೆ ಮಾನ ಹೋಗುತ್ತದೆ, ನಿಲ್ಲಿಸದಿದ್ದರೆ ಇಂಜಿನ್ ಹೋಗುತ್ತದೆ. ಎರಡರಲ್ಲಿ ಯಾವುದನ್ನು ಉಳಿಸಿಕೊಳ್ಳುವುದೆಂದು ತೂಗುತ್ತ ತೂಗುತ್ತ ಅವನು ಕೃಷ್ಣಗಿರಿಯ ಟೋಲ್ ಗೇಟಿನ ಸಾಲಿಗೆ ಬಂದು ಸೇರಿದ. ಅಲ್ಲಿ ಅವನ ಮನಸ್ಸು ಗಟ್ಟಿಯಾಯಿತು. ಏನಾದರಾಗಲಿ, ಹೇಳಿಬಿಡುತ್ತೇನೆ.

"ಮಾವ, ನಿಮಗೊಂದು ಮಾತು ಹೇಳ್ಬೇಕು."

"ಹೇಳಿ ಅಳಿಯಂದ್ರೇ."

ಬುಸ್ಸೆಂದು ಬಾನೆಟ್ಟಿನಿಂದ ಬಿಳಿ ಹಬೆ ಎದ್ದಿತು. ಗಾಡಿ ಒಮ್ಮೆ ಬಿಕ್ಕಿ, ಗೇಟಿನ ಕೋಲಿನ ಕೆಳಗೆ ಸರಿಯಾಗಿ ನಿಂತುಹೋಯಿತು. ಹಿಂದಿನ ಲಾರಿಗಳು ತಮಿಳು, ಕನ್ನಡ, ತೆಲುಗು ಮೂರರಲ್ಲೂ ಹಾರನ್ ಹೊಡೆದವು. ಗೇಟಿನ ನೌಕರ ಓಡಿಬಂದು ಕಿಟಕಿಯೊಳಗೆ ನೋಡಿದ.

"ಅಯ್ಯೋ, ವಾರ್ನಿಂಗ್ ಲೈಟ್ ಎಲ್ಲಾಂ ಎರಿಯುದೇ!" ಎಂದು ಕೂಗಿದವನು, ಇವರ ಮಾತು ಕೇಳಿ ಕನ್ನಡಕ್ಕೆ ತಿರುಗಿದ. "ಯಾರು ಸಾರ್ ಗಾಡಿ ಓಡಿಸ್ತಿರೋದು? ಹಳದಿ ಹತ್ತಿದ್ರೆ ಇಂಜಿನ್ ಕೆಟ್ಟಿದೆ ಅಂತ. ಕೆಂಪು ಹತ್ತಿದ್ರೆ ಅಲ್ಲೇ ನಿಲ್ಸಿ ಅಂತ. ಸಣ್ಣ ಮಕ್ಕಳಿಗೂ ಗೊತ್ತು!"

ಹಿಂದಿನ ಸೀಟಿನಲ್ಲಿ ನಂಜಪ್ಪ, ತಾನು ಬೈದು ಬಂದ ಶೋರೂಮನ್ನು ನೆನೆದು ಹಣೆ ಒರೆಸಿಕೊಂಡ. ಅಷ್ಟರಲ್ಲಿ ಹಿಂದಿನ ಕಾರಿನಿಂದ ರಘುನಾಥ ಓಡೋಡಿ ಬಂದ. ಅವನ ಮುಖದಲ್ಲಿ ದೀಪಾವಳಿ.

"ನಾನು ಅವತ್ತೇ ಬಡ್ಕೊಂಡೆ! ಅದು ಕಾಯಿಲೆ ಲೈಟು ಅಂತ! ಯಾರಾದ್ರೂ ನನ್ನ ಮಾತು ಕೇಳಿದ್ರಾ?"

ನಂಜಪ್ಪ ನಿಧಾನವಾಗಿ ಗಾಡಿಯಿಂದ ಇಳಿದ. "ಸರಿ ಸ್ವಾಮಿ. ಕಾಯಿಲೆ ಲೈಟು ಅಂತ ನಿಮಗೆ ಮೊದ್ಲೇ ಗೊತ್ತಿತ್ತು. ಮತ್ತೆ ನಿಮ್ಮ ಹೊಸ ಗಾಡೀಲಿ ಯಾಕೆ ಹತ್ತಿಸ್ಕೊಂಡ್ ಬಂದ್ರಿ?"

ರಘುನಾಥ ಶರಟಿನ ಕಾಲರು ಸರಿಮಾಡಿಕೊಂಡ. "ಅದು... ಮಾವನವರಿಗೆ ಬೇಜಾರಾಗ್ಬಾರ್ದು ಅಂತ..."

ಹನುಮಂತರಾಯಪ್ಪ ಅರ್ಜಿಯನ್ನು ಕೈಯಲ್ಲಿ ಹಿಡಿದು ಕೆಳಗಿಳಿದರು. ಹಬೆಯ ನಡುವೆ ನಿಂತು ಇಬ್ಬರು ಅಳಿಯಂದಿರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು.

"ಒಬ್ಬ, ಇರೋ ಕಾಯಿಲೇನ ಆರೋಗ್ಯ ಅಂದ. ಇನ್ನೊಬ್ಬ, ಇಲ್ಲದ ಕಾಯಿಲೇನ ಮೇಲೆ ಎಳ್ಕೊಂಡ. ನನ್ನ ಇಬ್ಬರು ಹೆಣ್ಣುಮಕ್ಕಳ ಹಣೇಲಿ ದೇವ್ರು ಸರಿಯಾಗೇ ಬರ್ದವ್ನೆ." ಅವರು ಪಕ್ಕದ ಸಾಲಿನಲ್ಲಿದ್ದ ಟೊಮೇಟೊ ಗಾಡಿಗೆ ಕೈ ತೋರಿಸಿ ನಿಲ್ಲಿಸಿ, ನಂಜಪ್ಪನನ್ನು ಹತ್ತಿಸಿಕೊಂಡು ಹೊರಟೇಹೋದರು.

ಷಡ್ಡಕರಿಬ್ಬರೂ ಗಾಡಿ ತಳ್ಳಿದರು. ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸುವಷ್ಟರಲ್ಲಿ ರಘುನಾಥನ ಶರಟು ಯತಿರಾಜನ ಶರಟಿನಂತೆಯೇ ಆಗಿತ್ತು.

"ನಿಜ ಹೇಳಿದ ತಪ್ಪಿಗೆ ಮಜ್ಜಿಗೆ ಕುಡ್ಸಿದ್ರಲ್ಲಯ್ಯಾ" ಎಂದ ರಘುನಾಥ, ಉಸಿರು ಬಿಡುತ್ತ.

"ತಪ್ಪಾಯ್ತಣ್ಣಾ" ಎಂದ ಯತಿರಾಜ. ಈ ಎರಡು ಶಬ್ದಗಳನ್ನು ಅವನು ಒಟ್ಟಿಗೆ ಉಚ್ಚರಿಸಿದ್ದು ಅದೇ ಮೊದಲು. ಉಳಿದ ಸಂಘದವರನ್ನು ರಘುನಾಥನ ಗಾಡಿಗೆ ತುರುಕಿಕೊಂಡು ಅವರು ಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತರು.

ಮುಂದೆ ವೇದಿಕೆಯಲ್ಲಿ ಹಿರಿಯ ಅಧಿಕಾರಿ ಮೇಡಂ ಕೂತಿದ್ದರು. ಪಕ್ಕದಲ್ಲಿ ಕರೆಂಟಿನ ಎಂಜಿನಿಯರು ಎದ್ದು ನಿಂತು ವಿವರಿಸುತ್ತಿದ್ದರು. ಟ್ರಾನ್ಸ್‌ಫಾರ್ಮರು ಗೊರಗೊರ ಎನ್ನುವುದು ಅದು ಚೆನ್ನಾಗಿ ಕೆಲಸ ಮಾಡುತ್ತಿರುವುದರ ಲಕ್ಷಣ. ಸದ್ದು ನಿಂತರೆ ಮಾತ್ರ ಚಿಂತಿಸಬೇಕು.

ಹನುಮಂತರಾಯಪ್ಪ ಮೈಕಿನ ಮುಂದೆ ನಿಂತಿದ್ದರು. ಓದಬೇಕಿದ್ದ ಅರ್ಜಿಯನ್ನು ಮಡಚಿ ಜೇಬಿಗಿಟ್ಟರು. ಸಿಟ್ಟು ಬಂದಾಗ ಅವರ ತಮಿಳು ಹೊಳೆಯಂತೆ ಹರಿಯುತ್ತಿತ್ತು. ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ತಮ್ಮ ಅಳಿಯನ ಗಾಡಿಯ ಕತೆಯನ್ನು ಮದುವೆಮನೆಯಿಂದ ಹಿಡಿದು ಟೋಲ್ ಗೇಟಿನವರೆಗೆ ಒಂದೂ ಬಿಡದೆ ಹೇಳಿದರು. "ಕೆಂಪು ಅಂದ್ರೆ ಯೌವ್ವನ ಅಂತ ನಾನೇ ಹೇಳ್ದೆ ತಾಯೀ" ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ನಗು ಇಳಿದ ಮೇಲೆ ಅವರು ಎಂಜಿನಿಯರ ಕಡೆ ಕೈ ಮಾಡಿದರು.

"ನನ್ನ ಅಳಿಯ ಸುಳ್ಳು ಹೇಳ್ದ, ಒಂದು ಗಾಡಿ ನಿಂತೋಯ್ತು. ಈ ಅಯ್ಯನ ಮಾತು ನಂಬಿದ್ರೆ ನಮ್ಮ ಊರೇ ನಿಂತೋಯ್ತದೆ. ಗೊರಗೊರ ಅಂದ್ರೆ ಆರೋಗ್ಯವಂತೆ! ಕಿಡಿ ಅಂದ್ರೆ ಯೌವ್ವನವಾ?"

ಈ ಬಾರಿ ಯಾರೂ ನಗಲಿಲ್ಲ. ಮೇಡಂ ಎಂಜಿನಿಯರ ಕಡೆ ತಿರುಗಿ, ಇವತ್ತೇ ಖುದ್ದಾಗಿ ಹೋಗಿ ನೋಡಿ, ಟ್ರಾನ್ಸ್‌ಫಾರ್ಮರು ಬದಲಾಯಿಸಿ ತಮಗೆ ತಿಳಿಸಬೇಕೆಂದು ಎಲ್ಲರ ಎದುರಿಗೇ ಆಜ್ಞೆ ಮಾಡಿದರು. ಸಂಘದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಮೇಲೆ ಮೇಡಂ ನಗು ತಡೆಯಲಾರದೆ ಕೇಳಿದರು.

"ಆ ಅಳಿಯ ಬಂದಿದ್ದಾರಾ?"

ನೂರು ತಲೆಗಳು ತಿರುಗಿದವು. ರಘುನಾಥ ಮೊಣಕೈಯಿಂದ ತಿವಿದ. ಯತಿರಾಜ ಮಸಿ ಮೆತ್ತಿದ ಕೈಗಳನ್ನು ಮುಗಿದು, ಆದರೆ ಬೆನ್ನು ನೆಟ್ಟಗೆ ಮಾಡಿಕೊಂಡೇ ಎದ್ದು ನಿಂತ. ಬೆನ್ನು ಬಾಗಿಸುವ ಅಭ್ಯಾಸ ಅವನಿಗಿರಲಿಲ್ಲ.

"ಫ್ಯಾಕ್ಟರೀಲಿ ಯಾವ ವಿಭಾಗದಲ್ಲಿದ್ದೀರಿ?" ಎಂದು ಮೇಡಂ ಕೇಳಿದರು.

ಯತಿರಾಜ ಒಮ್ಮೆ ಮಾವನ ಕಡೆ ನೋಡಿದ.

"ಕ್ವಾಲಿಟಿ ಕಂಟ್ರೋಲ್, ಮೇಡಂ."

ಎಲ್ಲರಿಗಿಂತ ಮೊದಲು ನಕ್ಕವರು ಮೈಕಿನ ಮುಂದಿದ್ದ ಮಾವ. ಮೈಕು ಇನ್ನೂ ಆನಾಗಿದ್ದುದರಿಂದ ಆ ನಗು ಕಾಂಪೌಂಡಿನ ಆಚೆ ಬಸ್ಸಿಗೆ ಕಾಯುತ್ತಿದ್ದವರಿಗೂ ಕೇಳಿಸಿತು.